ರಾಯ್‌ಪುರದ ಲಾರ್ಡ್ ಸಿಂಹ: ಒಂದು ಪ್ರಭುಪದವಿಯ ವಾರಸಿಕೆ

1919ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಲಾರ್ಡ್ಸ್ ಸಭೆಯ ಮುಂದೆ ಭಾರತ ಸರ್ಕಾರದ ಮಸೂದೆ ಬಂದಿತು. ಮಾಂಟೆಗು-ಚೆಮ್ಸ್‌ಫರ್ಡ್ ಸುಧಾರಣೆ ಎಂದು ಪಠ್ಯಪುಸ್ತಕಗಳು ಗುರುತಿಸುವ ಕಾಯಿದೆ ಅದೇ. ಅದನ್ನು ಸರ್ಕಾರದ ಪರವಾಗಿ ಮಂಡಿಸಿ ಸಮರ್ಥಿಸಿದವರು ಒಬ್ಬ ಬಂಗಾಳಿ, ಸತ್ಯೇಂದ್ರ ಪ್ರಸನ್ನ ಸಿಂಹ. ಅದೇ ವರ್ಷದ ಫೆಬ್ರವರಿಯಲ್ಲಿ ಅವರನ್ನು 'ರಾಯ್‌ಪುರದ ಬ್ಯಾರನ್ ಸಿಂಹ' ಎಂಬ ಬಿರುದಿನಿಂದ ಪ್ರಭುವರ್ಗಕ್ಕೆ ಸೇರಿಸಲಾಗಿತ್ತು. ತಂದೆಯಿಂದ ಮಗನಿಗೆ ಇಳಿದು ಬರುವ ಇಂಥ ಪದವಿಯನ್ನು ಪಡೆದ ಭಾರತೀಯರು ಅವರೊಬ್ಬರೇ. ಒಂಬತ್ತು ವರ್ಷಗಳ ಅನಂತರ ಅವರು ತೀರಿಕೊಂಡಾಗ, ಅವರ ಹಿರಿಯ ಮಗನಿಗೆ ಆ ಸಭೆಯ ಬಾಗಿಲು ತೆರೆಯಲಿಲ್ಲ. ಅದು ತೆರೆಯಲು ಮತ್ತೆ ಹನ್ನೊಂದು ವರ್ಷಗಳು ಹಿಡಿದವು. ಸಿಂಹರ ರಾಜಕೀಯ ಜೀವನವನ್ನು ಬಣ್ಣಿಸುವವರು ಸಾಮಾನ್ಯವಾಗಿ ಅಡಿಟಿಪ್ಪಣಿಗೆ ತಳ್ಳುವ ಈ ಸಂಗತಿಯೇ ಆ ಜೀವನದ ಅರ್ಥವನ್ನು ಹೆಚ್ಚು ಸ್ಪಷ್ಟವಾಗಿ ತೋರಿಸುತ್ತದೆ.

ಸಿಂಹರು ಹುಟ್ಟಿದ್ದು 1863ರಲ್ಲಿ, ಬಂಗಾಳದ ಬೀರ್‌ಭೂಮ್ ಜಿಲ್ಲೆಯ ರಾಯ್‌ಪುರದ ಜಮೀನ್ದಾರಿ ಮನೆತನದಲ್ಲಿ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಮನೆತನ ಬೇರೊಂದು ಕಾರಣಕ್ಕೆ ಪರಿಚಿತವಾಗಬೇಕು. ದೇವೇಂದ್ರನಾಥ ಠಾಕೂರರು ಅದೇ 1863ರಲ್ಲಿ ಶಾಂತಿನಿಕೇತನದ ನೆಲವನ್ನು ಪಡೆದದ್ದು ರಾಯ್‌ಪುರದ ಈ ಸಿಂಹರಿಂದಲೇ. ಸತ್ಯೇಂದ್ರರು 1881ರಲ್ಲಿ ಇಂಗ್ಲೆಂಡಿಗೆ ಹೋಗಿ, ಲಿಂಕನ್ಸ್ ಇನ್‌ನಲ್ಲಿ ಕಾನೂನು ಓದಿ, 1886ರಲ್ಲಿ ಬ್ಯಾರಿಸ್ಟರ್ ಆಗಿ ಕಲ್ಕತ್ತೆಗೆ ಮರಳಿದರು. ಬಂಗಾಳದ ಅಡ್ವೊಕೇಟ್ ಜನರಲ್ ಹುದ್ದೆಗೆ ಏರಿದ ಮೊದಲ ಭಾರತೀಯರು ಅವರು.

1909ರಲ್ಲಿ ವೈಸರಾಯ್ ಮಿಂಟೊ ಮತ್ತು ಭಾರತ ಮಂತ್ರಿ ಮಾರ್ಲೆ ಸೇರಿ ಅವರನ್ನು ವೈಸರಾಯ್‌ನ ಕಾರ್ಯಕಾರಿ ಮಂಡಳಿಯ ಕಾನೂನು ಸದಸ್ಯರನ್ನಾಗಿ ನೇಮಿಸಿದರು. ಆ ಮಂಡಳಿಗೆ ಭಾರತೀಯನೊಬ್ಬ ಕಾಲಿಟ್ಟದ್ದು ಅದೇ ಮೊದಲು. ದೊರೆ ಏಳನೆಯ ಎಡ್ವರ್ಡ್‌ಗೆ ಈ ನೇಮಕ ಕೊಂಚವೂ ಹಿಡಿಸಿರಲಿಲ್ಲ. ಮಂತ್ರಿಮಂಡಲದ ಮಾತಿಗೆ ಮಣಿದು ಒಪ್ಪಿಗೆ ಕೊಟ್ಟ. ವಿಪುಲ ಆದಾಯದ ವಕೀಲಿಕೆಯನ್ನು ಬಿಟ್ಟು ಬರಲು ಸಿಂಹರಿಗೂ ಮನಸ್ಸಿರಲಿಲ್ಲ. ಗೋಖಲೆ, ಜಿನ್ನಾ ಮೊದಲಾದವರು ಒತ್ತಾಯಿಸಿ ಒಪ್ಪಿಸಿದರು. ಆದರೆ ಮರುವರ್ಷವೇ ರಾಜೀನಾಮೆಯಿತ್ತು ವಕೀಲಿಕೆಗೆ ಹಿಂದಿರುಗಿದರು.

1915ರ ಮುಂಬಯಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷ ಭಾಷಣದಲ್ಲಿ ಅವರು ಸ್ವರಾಜ್ಯವನ್ನು ಒಡನೆಯೇ ಬೇಡಲಿಲ್ಲ. ಭಾರತದಲ್ಲಿ ತನ್ನ ಅಂತಿಮ ಗುರಿ ಏನೆಂಬುದನ್ನು ಬ್ರಿಟನ್ ಬಾಯಿಬಿಟ್ಟು ಹೇಳಲಿ ಎಂದು ಕೇಳಿದರು. ತೀವ್ರವಾದಿಗಳಿಗೆ ಇದು ತೀರ ಸಪ್ಪೆಯಾದ ಬೇಡಿಕೆ. ಆದರೂ 1917ರ ಆಗಸ್ಟ್ 20ರಂದು ಮಾಂಟೆಗು ಹೊರಡಿಸಿದ ಘೋಷಣೆ ಕೊಟ್ಟದ್ದು ಅಂಥ ಉತ್ತರವನ್ನೇ. ಅಲ್ಲಿಂದ ಮುಂದೆ ಸಿಂಹರು ಮೆಟ್ಟಿಲು ಮೆಟ್ಟಿಲಾಗಿ ಏರಿದರು: ಸಾಮ್ರಾಜ್ಯದ ಯುದ್ಧ ಸಮ್ಮೇಳನ, ಪ್ಯಾರಿಸ್ಸಿನ ಶಾಂತಿ ಸಮ್ಮೇಳನ, ಲಂಡನ್ನಿನಲ್ಲಿ ಭಾರತ ವ್ಯವಹಾರಗಳ ಅಧೀನ ಕಾರ್ಯದರ್ಶಿಯ ಸ್ಥಾನ. ಈ ಕೊನೆಯ ಹುದ್ದೆಯಲ್ಲಿದ್ದು ಮಸೂದೆಯನ್ನು ಮೇಲ್ಮನೆಯಲ್ಲಿ ಸಾಗಿಸಬೇಕಾದರೆ ಅಲ್ಲಿ ಪೀಠವಿರಬೇಕು. ಬ್ಯಾರನ್ ಪದವಿ ಬಂದದ್ದರ ಹಿಂದೆ ಈ ಅಗತ್ಯವೂ ಇತ್ತು.

ಅದೇ 1919ರ ಏಪ್ರಿಲ್‌ನಲ್ಲಿ ಜಲಿಯನ್‌ವಾಲಾ ಬಾಗ್ ನಡೆಯಿತು. ಮೇ ಕೊನೆಯಲ್ಲಿ ರವೀಂದ್ರನಾಥ ಠಾಕೂರರು ತಮ್ಮ 'ಸರ್' ಪದವಿಯನ್ನು ತೊರೆದರು. ಶಾಂತಿನಿಕೇತನದ ಕವಿ ಬಿರುದನ್ನು ಹಿಂದಿರುಗಿಸಿದ ವರ್ಷದಲ್ಲಿಯೇ ಆ ನೆಲವನ್ನಿತ್ತ ಮನೆತನದ ಮಗ ಅದಕ್ಕಿಂತ ದೊಡ್ಡ ಬಿರುದನ್ನು ಹೊತ್ತಿದ್ದರು. ಇಬ್ಬರನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗುವುದು ಸುಲಭ, ಆದರೆ ಅದು ನ್ಯಾಯವಲ್ಲ. ಕಾನೂನಿನ ಹಾದಿಯಲ್ಲಿ ಸಾಧ್ಯವಾದಷ್ಟನ್ನು ಪಡೆಯಬೇಕೆಂಬ ತಲೆಮಾರಿಗೆ ಸೇರಿದವರು ಸಿಂಹರು. 1920ರ ಕೊನೆಗೆ ಬಿಹಾರ ಮತ್ತು ಒರಿಸ್ಸಾದ ಗವರ್ನರ್ ಆದರು, ಪ್ರಾಂತವೊಂದಕ್ಕೆ ಮೊದಲ ಭಾರತೀಯ ಗವರ್ನರ್. ವರ್ಷ ತುಂಬುವುದರೊಳಗೆ ಅನಾರೋಗ್ಯದಿಂದ ಆ ಸ್ಥಾನವನ್ನು ಬಿಟ್ಟರು. 1926ರಲ್ಲಿ ಪ್ರೀವಿ ಕೌನ್ಸಿಲ್ಲಿನ ನ್ಯಾಯಸಮಿತಿಗೆ ಸೇರಿದರು. ನಿಧನ 1928ರಲ್ಲಿ.

ಇನ್ನು ವಾರಸಿಕೆಯ ಪ್ರಶ್ನೆ. ಪ್ರಭುಪದವಿ ಸಲ್ಲುವುದು ನ್ಯಾಯಸಮ್ಮತ ವಿವಾಹದಲ್ಲಿ ಜನಿಸಿದ ಗಂಡು ಸಂತಾನಕ್ಕೆ ಮಾತ್ರ. ಹಿರಿಯ ಮಗ ಅರುಣ್ ಕುಮಾರ್ ಸಿಂಹರು ಲಾರ್ಡ್ಸ್ ಸಭೆಯ ಕರೆಯೋಲೆಗಾಗಿ ಕೇಳಿದಾಗ, ತಂದೆತಾಯಿಯ ಮದುವೆಗೆ ದಾಖಲೆ ಎಲ್ಲಿ, ನಿಮ್ಮ ಜನನದ ನೋಂದಣಿ ಎಲ್ಲಿ ಎಂಬ ಪ್ರಶ್ನೆ ಎದ್ದಿತು. ಅಗ್ನಿಸಾಕ್ಷಿಯ ಮದುವೆಗೆ ಕಚೇರಿಯ ಕಾಗದವಿರುವುದಿಲ್ಲ. ಅದಕ್ಕಿಂತ ತೊಡಕಿನ ವಿಷಯ ಇನ್ನೊಂದಿತ್ತು. ಒಬ್ಬ ಗಂಡು ಒಬ್ಬ ಹೆಣ್ಣನ್ನು ಇತರ ಎಲ್ಲರನ್ನೂ ಹೊರತುಪಡಿಸಿ ಕೂಡುವುದೇ ವಿವಾಹ ಎಂಬ ಸೂತ್ರವನ್ನು ಇಂಗ್ಲಿಷ್ ನ್ಯಾಯಾಲಯ 1866ರಲ್ಲಿ, ಒಂದು ಮಾರ್ಮನ್ ಮದುವೆಯ ಮೊಕದ್ದಮೆಯಲ್ಲಿ, ಹಾಕಿಕೊಟ್ಟಿತ್ತು. ಅಂದಿನ ಹಿಂದೂ ಧರ್ಮಶಾಸ್ತ್ರ ಪುರುಷನಿಗೆ ಎರಡನೆಯ ಮದುವೆಯನ್ನು ನಿಷೇಧಿಸಿರಲಿಲ್ಲ. ಸತ್ಯೇಂದ್ರರು 1880ರಲ್ಲಿ ಗೋವಿಂದಮೋಹಿನಿಯವರನ್ನು ಹಿಂದೂ ವಿಧಿಯಂತೆ ವರಿಸಿದ್ದರು. ಮತ್ತೊಬ್ಬಳನ್ನು ವರಿಸಲೇ ಇಲ್ಲ. ಆದರೆ ವರಿಸಬಹುದಾಗಿತ್ತು ಎಂಬ ಸಾಧ್ಯತೆಯೊಂದೇ ಆಕ್ಷೇಪಕ್ಕೆ ಸಾಕಾಯಿತು. ಸಾಮ್ರಾಜ್ಯಕ್ಕೆ ಸಂವಿಧಾನವನ್ನು ಸಾಗಿಸಿಕೊಟ್ಟವರ ಮಗ ತಾನು ಔರಸನೆಂದು ಅದೇ ಸಭೆಯ ಮುಂದೆ ಸಾಬೀತುಪಡಿಸಬೇಕಾಯಿತು.

1939ರ ಜುಲೈನಲ್ಲಿ ಸಭೆಯ ಹಕ್ಕುಬಾಧ್ಯತಾ ಸಮಿತಿ ವಾದವನ್ನು ಆಲಿಸಿತು. ಅಭಿಪ್ರಾಯವಿತ್ತವರು ಲಾರ್ಡ್ ಚಾನ್ಸಲರ್ ಮಾಮ್ (ಕಾದಂಬರಿಕಾರ ಸಾಮರ್‌ಸೆಟ್ ಮಾಮ್ ಇವರ ತಮ್ಮ). ದಂಪತಿಗಳು ಮದುವೆಯ ಅನಂತರ, ಅರುಣ್ ಕುಮಾರ್ 1887ರಲ್ಲಿ ಹುಟ್ಟುವ ಮೊದಲೇ, ಸಾಧಾರಣ ಬ್ರಹ್ಮಸಮಾಜಕ್ಕೆ ಸೇರಿದ್ದರು. ಏಕಪತ್ನೀವ್ರತ ಆ ಸಮಾಜದ ನಿಯಮ. ಆದ್ದರಿಂದ ಆರಂಭದಲ್ಲಿ ಹೇಗೇ ಇದ್ದಿರಲಿ, ಮಗ ಹುಟ್ಟುವ ವೇಳೆಗೆ ಅದು ಏಕಪತ್ನೀ ವಿವಾಹವಾಗಿತ್ತೆಂದು ಸಮಿತಿ ತೀರ್ಮಾನಿಸಿತು. ಹಲವು ಪತ್ನಿಯರ ಮಕ್ಕಳ ನಡುವೆ ಪದವಿ ಯಾರಿಗೆ ಎಂಬ ಗೊಂದಲವನ್ನು ಮಾಮ್ ಎತ್ತಿದರಾದರೂ ಅದನ್ನು ಬಗೆಹರಿಸುವ ಗೋಜಿಗೆ ಹೋಗಲಿಲ್ಲ.

ಸಾಧಾರಣ ಬ್ರಹ್ಮಸಮಾಜದ ಹುಟ್ಟೂ ಒಂದು ಮದುವೆಯ ಜಗಳದಿಂದಲೇ ಆದದ್ದು. ಬಾಲ್ಯವಿವಾಹವನ್ನು ವಿರೋಧಿಸಿದ್ದ ಕೇಶವಚಂದ್ರ ಸೇನರು ತಮ್ಮ ಅಪ್ರಾಪ್ತ ಮಗಳನ್ನು ಕೂಚ್ ಬಿಹಾರದ ರಾಜನಿಗೆ ಕೊಟ್ಟಾಗ, 1878ರಲ್ಲಿ ಭಿನ್ನಮತೀಯರು ಹೊರಬಂದು ಅದನ್ನು ಕಟ್ಟಿದರು. ಕೇಶವಚಂದ್ರರ ಒತ್ತಾಯದಿಂದ ಬಂದಿದ್ದ 1872ರ ವಿವಾಹ ಕಾಯಿದೆಯಡಿ ನೋಂದಾಯಿಸಿಕೊಳ್ಳುವವರು ತಾವು ಹಿಂದೂ, ಬೌದ್ಧ, ಸಿಖ್ ಅಥವಾ ಜೈನ ಧರ್ಮೀಯರಲ್ಲವೆಂದು ಬರೆದುಕೊಡಬೇಕಿತ್ತು. ದಾಖಲೆ ಬೇಕಾದರೆ ಧರ್ಮವನ್ನು ಬಿಡಬೇಕು. ಧರ್ಮದಂತೆ ವರಿಸಿದರೆ ದಾಖಲೆಯಿಲ್ಲ! ಸಿಂಹರಂಥವರ ಮಕ್ಕಳು ಸಿಕ್ಕಿಕೊಂಡದ್ದು ಈ ಇಕ್ಕಟ್ಟಿನಲ್ಲಿ.

ಎರಡನೆಯ ಲಾರ್ಡ್ ಸಿಂಹರು ಸಭೆಯಲ್ಲಿ ಕುಳಿತರು, 1967ರಲ್ಲಿ ತೀರಿಕೊಂಡರು. ಸುಮಾರಾಗಿ ಅದೇ ಕಾಲಕ್ಕೆ ಪಂಜಾಬಿನಲ್ಲಿ ಸಿಖ್ ವಿಧಿಯಂತೆ ಮದುವೆಯಾದ ಮಹಿಳೆಯೊಬ್ಬಳು ಇಂಗ್ಲೆಂಡಿನಲ್ಲಿದ್ದ ಗಂಡನಿಂದ ಜೀವನಾಂಶ ಕೇಳಿ ಅಲ್ಲಿನ ನ್ಯಾಯಾಲಯಕ್ಕೆ ಹೋದಳು. ನಿಮ್ಮದು ಬಹುಪತ್ನೀತ್ವಕ್ಕೆ ಎಡೆಯಿರುವ ಮದುವೆ ಎಂದು ಕೆಳಗಿನ ನ್ಯಾಯಾಲಯ ಅವಳನ್ನು ತಿರುಗಿ ಕಳುಹಿಸಿತು. ಮೇಲ್ಮನವಿಯಲ್ಲಿ ರಾಯ್‌ಪುರದ ಬ್ಯಾರನ್ ಪದವಿಯ ಪ್ರಕರಣವನ್ನು ಪರಿಶೀಲಿಸಲಾಯಿತು. 1955ರ ಹಿಂದೂ ವಿವಾಹ ಕಾಯಿದೆಯಿಂದಾಗಿ ಅವಳ ಮದುವೆ ಏಕಪತ್ನೀ ವಿವಾಹವಾಗಿದೆಯೆಂದು ಒಪ್ಪಿಕೊಂಡು, ನ್ಯಾಯಾಧೀಶರು ಅವಳ ಅರ್ಜಿಯನ್ನು ವಿಚಾರಣೆಗೆ ಅರ್ಹವೆಂದು ಸಾರಿದರು.