ಸೋಲಿಗೆ ಒಬ್ಬ ಬೇಕಿತ್ತು: ಜನರಲ್ ಲಾಂಗ್‌ಸ್ಟ್ರೀಟ್ ಕಥೆ

📌 ಭಾಗ 1/7: ನಾಲ್ಕನೇ ಹೆಸರು

ಫ್ರೆಂಡ್ಸ್, ಅಮೆರಿಕದ ಅಂತರ್ಯುದ್ಧ ಅಂದ ತಕ್ಷಣ ನಮಗೆ ನೆನಪಾಗೋದು ಮೂರು ಹೆಸರು. ಲಿಂಕನ್, ಗ್ರಾಂಟ್, ಲೀ. ಈ ಸರಣಿ ನಾಲ್ಕನೆಯವನೊಬ್ಬನ ಬಗ್ಗೆ: ಜೇಮ್ಸ್ ಲಾಂಗ್‌ಸ್ಟ್ರೀಟ್. ದಕ್ಷಿಣದ ಸೇನಾಪತಿ ರಾಬರ್ಟ್ ಲೀಯ ಬಲಗೈ. ಲೀ ಇವನನ್ನು ಪ್ರೀತಿಯಿಂದ ಕರೀತಿದ್ದದ್ದೇ ‘ನನ್ನ ಹಳೇ ಯುದ್ಧದ ಕುದುರೆ’ ಅಂತ.

ಅದೇ ಲಾಂಗ್‌ಸ್ಟ್ರೀಟ್‌ನನ್ನು ಮುಂದೆ ದಕ್ಷಿಣದವರೇ ‘ನಾವು ಸೋತದ್ದು ಇವನಿಂದ’ ಅಂತ ಬೈದರು. ಹಾಗೆ ಬಹಿರಂಗವಾಗಿ ಬೈಯೋಕೆ ಶುರುಮಾಡಿದ್ದು ಯುದ್ಧ ಮುಗಿದು ಏಳು ವರ್ಷ ಆದ ಮೇಲೆ. ಆ ಏಳು ವರ್ಷದಲ್ಲಿ ಏನಾಯ್ತು ಅನ್ನೋದೇ ಇಲ್ಲಿನ ಕಥೆ.

ಮೊದಲು ಹಿನ್ನೆಲೆ, ಚುಟುಕಾಗಿ. 1861ರ ಹೊತ್ತಿಗೆ ಅಮೆರಿಕದಲ್ಲಿ ಸುಮಾರು 40 ಲಕ್ಷ ಕಪ್ಪು ಜನ ಗುಲಾಮರಾಗಿದ್ದರು. ಆ ಗುಲಾಮಗಿರಿಯನ್ನು ಉಳಿಸಿಕೊಳ್ಳೋಕೆ ದಕ್ಷಿಣದ 11 ರಾಜ್ಯಗಳು ದೇಶದಿಂದ ಬೇರೆಯಾದವು. ನಾಲ್ಕು ವರ್ಷ ಯುದ್ಧ, ಎರಡೂ ಕಡೆ ಸೇರಿ ಆರು ಲಕ್ಷಕ್ಕೂ ಹೆಚ್ಚು ಸೈನಿಕರ ಸಾವು.

ಲಾಂಗ್‌ಸ್ಟ್ರೀಟ್ ಹುಟ್ಟಿದ್ದು 1821ರಲ್ಲಿ, ದಕ್ಷಿಣ ಕೆರೊಲಿನಾದಲ್ಲಿ. ಬೆಳೆದದ್ದು ಗುಲಾಮರನ್ನು ಇಟ್ಟುಕೊಂಡಿದ್ದ ಕುಟುಂಬದಲ್ಲಿ. ವೆಸ್ಟ್ ಪಾಯಿಂಟ್ ಸೈನಿಕ ಕಾಲೇಜಿನಲ್ಲಿ 56 ಜನರ ಬ್ಯಾಚ್‌ನಲ್ಲಿ ಇವನ ರ‍್ಯಾಂಕ್ 54! ಲಾಸ್ಟ್ ಬೆಂಚ್ ಫ್ರೆಂಡ್ಸ್, ಸಮಾಧಾನ ಮಾಡ್ಕೊಳ್ಳಿ 😄 ಅಲ್ಲಿ ಅವನಿಗೆ ಸಿಕ್ಕ ಒಬ್ಬ ಜೂನಿಯರ್ ಗೆಳೆಯನೇ ಯುಲಿಸಿಸ್ ಗ್ರಾಂಟ್. ಗ್ರಾಂಟ್ ಮದುವೆಯಾದದ್ದು ಲಾಂಗ್‌ಸ್ಟ್ರೀಟ್‌ನ ದೂರದ ಸಂಬಂಧಿ ಜೂಲಿಯಾಳನ್ನು. 1848ರ ಆ ಮದುವೆಗೆ ಇವನೂ ಹೋಗಿದ್ದ. ಹದಿಮೂರು ವರ್ಷ ಕಳೆಯುವಷ್ಟರಲ್ಲಿ ಇಬ್ಬರೂ ಎದುರುಬದುರು ಸೈನ್ಯದಲ್ಲಿದ್ದರು.

📌 ಭಾಗ 2/7: ಕಲ್ಲಿನ ಗೋಡೆ ಕಲಿಸಿದ ಪಾಠ

1862ರ ಜನವರಿ. ರಿಚ್‌ಮಂಡ್ ನಗರದಲ್ಲಿ ಜ್ವರದ ಸಾಂಕ್ರಾಮಿಕ. ಕೆಲವೇ ದಿನಗಳಲ್ಲಿ ಲಾಂಗ್‌ಸ್ಟ್ರೀಟ್‌ನ ಮೂವರು ಮಕ್ಕಳು ತೀರಿಕೊಂಡರು. ಆಮೇಲೆ ಅವನು ತುಂಬಾ ಮೌನಿಯಾದ ಅಂತ ಜೊತೆಗಿದ್ದವರು ಬರೆದಿದ್ದಾರೆ.

ಅದೇ ವರ್ಷ ಡಿಸೆಂಬರ್ 13ರಂದು ಫ್ರೆಡರಿಕ್ಸ್‌ಬರ್ಗ್ ಕದನ. ಒಂದು ಗುಡ್ಡ, ಗುಡ್ಡದ ಬುಡದಲ್ಲಿ ತಗ್ಗಿನ ರಸ್ತೆ, ರಸ್ತೆಗೆ ಅಂಟಿಕೊಂಡು ಎದೆಮಟ್ಟದ ಕಲ್ಲಿನ ಗೋಡೆ. ಗೋಡೆಯ ಹಿಂದೆ ಲಾಂಗ್‌ಸ್ಟ್ರೀಟ್‌ನ ಬಂದೂಕುಗಳು. ಮುಂದೆ ಬಟ್ಟಬಯಲು. ಉತ್ತರದ ಸೈನಿಕರು ಆ ಬಯಲಲ್ಲಿ ಅಲೆ ಅಲೆಯಾಗಿ ಮೇಲೇರಿ ಬಂದರು, ಅಲೆ ಅಲೆಯಾಗಿ ಬಿದ್ದರು. ಒಬ್ಬನೂ ಆ ಗೋಡೆ ಮುಟ್ಟಲಿಲ್ಲ. ಇಡೀ ಕದನದಲ್ಲಿ ಉತ್ತರಕ್ಕೆ 12 ಸಾವಿರಕ್ಕೂ ಹೆಚ್ಚು ಸಾವುನೋವು. ದಕ್ಷಿಣದ್ದು ಅದರ ಅರ್ಧಕ್ಕಿಂತ ಕಮ್ಮಿ.

ಯಾಕೆ ಹೀಗೆ? ಹಳೇ ಬಂದೂಕಿಗೆ ನೂರು ಗಜ ದೂರದಲ್ಲೇ ಗುರಿ ತಪ್ಪುತ್ತಿತ್ತು. ಈ ಹೊತ್ತಿಗೆ ಬಂದಿದ್ದ ರೈಫಲ್‌ಗಳು ಅದರ ಎಷ್ಟೋ ಪಟ್ಟು ದೂರ ಹೊಡೀತಿದ್ದವು. ಆಯುಧ ಬದಲಾಗಿತ್ತು. ಸಾಲಾಗಿ ನಿಂತು ನುಗ್ಗೋ ಹಳೇ ಪಾಠ ಮಾತ್ರ ಬದಲಾಗಿರಲಿಲ್ಲ.

ಲಾಂಗ್‌ಸ್ಟ್ರೀಟ್‌ಗೆ ಇದು ಮನಸ್ಸಿಗೆ ನಾಟಿತು. ಒಳ್ಳೇ ಜಾಗ ಹಿಡಿದು ಕೂರು, ಶತ್ರುವೇ ಬಂದು ತಲೆ ಚಚ್ಚಿಕೊಳ್ಳಲಿ. ಏಳು ತಿಂಗಳು ಕಳೆಯುವುದರೊಳಗೆ ಈ ಪಾಠವನ್ನು ಲೀಗೆ ಹೇಳಬೇಕಾದ ಸಂದರ್ಭ ಬಂತು.

📌 ಭಾಗ 3/7: ಗೆಟ್ಟಿಸ್‌ಬರ್ಗ್, ಜುಲೈ 1 ಮತ್ತು 2, 1863

ಈ ಭಾಗ ಸ್ವಲ್ಪ ನಿಧಾನವಾಗಿ ಓದಿ. ಮುಂದಿನ ಜಗಳ ಎಲ್ಲಾ ಈ ಎರಡು ದಿನದ ಮೇಲೇನೇ.

ಲೀ ಉತ್ತರದ ನೆಲಕ್ಕೇ, ಪೆನ್ಸಿಲ್ವೇನಿಯಾಕ್ಕೆ, ಸೈನ್ಯ ನುಗ್ಗಿಸಿದ್ದ. ಜುಲೈ 1ರಂದು ಗೆಟ್ಟಿಸ್‌ಬರ್ಗ್ ಊರಿನಲ್ಲಿ ಕದನ ಶುರು. ಉತ್ತರದವರು ಹಿಂದೆ ಸರಿದು ಊರಾಚೆಯ ಗುಡ್ಡ ಹತ್ತಿದರು. ಸಾಧ್ಯವಾದರೆ ಆ ಗುಡ್ಡ ಹಿಡಿ ಅಂತ ಲೀ ತನ್ನ ಇನ್ನೊಬ್ಬ ಸೇನಾಪತಿ ಯೂವೆಲ್‌ಗೆ ಹೇಳಿಕಳಿಸಿದ. ಯೂವೆಲ್ ಹಿಡಿಯಲಿಲ್ಲ. ಆಗ ಯೂವೆಲ್‌ನ ಕೈಕೆಳಗಿದ್ದ ಅಧಿಕಾರಿಗಳಲ್ಲಿ ಒಬ್ಬನ ಹೆಸರು ಜ್ಯುಬಲ್ ಅರ್ಲಿ. ಈ ಹೆಸರು ನೆನಪಿಟ್ಕೊಳ್ಳಿ, ಐದನೇ ಭಾಗದಲ್ಲಿ ಮತ್ತೆ ಬರ್ತಾನೆ.

ಸಂಜೆ ಲಾಂಗ್‌ಸ್ಟ್ರೀಟ್ ಲೀಗೆ ಹೇಳಿದ: ಈ ಗುಡ್ಡಕ್ಕೆ ಎದುರಿಂದ ನುಗ್ಗೋದು ಬೇಡ. ಬಳಸಿಕೊಂಡು ದಕ್ಷಿಣಕ್ಕೆ ಹೋಗೋಣ, ಶತ್ರುವಿಗೂ ವಾಷಿಂಗ್ಟನ್‌ಗೂ ಮಧ್ಯೆ ಒಳ್ಳೇ ಜಾಗ ಹಿಡಿಯೋಣ, ಅವರೇ ನಮ್ಮ ಮೇಲೆ ಬರಲಿ. ಲೀ ಒಪ್ಪಲಿಲ್ಲ. ಶತ್ರು ಅಲ್ಲಿದ್ದಾನೆ, ಅಲ್ಲೇ ಹೊಡೀತೀನಿ ಅನ್ನೋದು ಅವನ ನಿಲುವು.

ಜುಲೈ 2. ಲಾಂಗ್‌ಸ್ಟ್ರೀಟ್‌ನ ದಾಳಿ ಶುರುವಾದದ್ದು ಸಂಜೆ ನಾಲ್ಕರ ಸುಮಾರಿಗೆ. ತಡವಾಯ್ತಾ? ಹೌದು, ಆಯ್ತು. ಅವನ ಒಂದು ತುಕಡಿ ಇನ್ನೂ ದಾರಿಯಲ್ಲಿತ್ತು, ಅದಕ್ಕಾಗಿ ಕಾಯೋಕೆ ಲೀಯ ಒಪ್ಪಿಗೆ ಇತ್ತು. ಆಮೇಲೆ, ನಡೀತಿದ್ದ ದಾರಿ ಶತ್ರುವಿನ ಕಣ್ಣಿಗೆ ಬೀಳುತ್ತೆ ಅಂತ ಗೊತ್ತಾಗಿ, ಬಂದ ದಾರೀಲೇ ತಿರುಗಿ ಇನ್ನೊಂದು ದಾರಿ ಹಿಡೀಬೇಕಾಯ್ತು. ಅವನಿಗೆ ಮನಸ್ಸಿರಲಿಲ್ಲ, ಅದಕ್ಕೇ ನಿಧಾನ ಮಾಡಿದ ಅನ್ನೋ ಇತಿಹಾಸಕಾರರೂ ಇದ್ದಾರೆ. ಆ ವಾದ ಸುಮ್ಮನೆ ತಳ್ಳಿಹಾಕೋ ಥರದ್ದಲ್ಲ.

ಸೈನಿಕನ ಕಡೆಯಿಂದ ಆ ದಿನ ಹೇಗಿತ್ತು ನೋಡಿ. ಅಲಬಾಮಾದ 15ನೇ ರೆಜಿಮೆಂಟ್ ಆ ದಿನ ಸುಮಾರು 40 ಕಿಲೋಮೀಟರ್ ನಡೆದು ಬಂದಿತ್ತು, ಜುಲೈ ಬಿಸಿಲಲ್ಲಿ. ಎಲ್ಲರ ನೀರಿನ ಬಾಟಲಿ ತಗೊಂಡು ತುಂಬಿಸೋಕೆ ಹೋದ ಹುಡುಗರು ವಾಪಸ್ ಬರೋ ಮೊದಲೇ ದಾಳಿಯ ಆಜ್ಞೆ ಬಂತು. ಬಾಯಾರಿದ ಗಂಟಲಲ್ಲೇ ಲಿಟ್ಲ್ ರೌಂಡ್ ಟಾಪ್ ಅನ್ನೋ ಗುಡ್ಡ ಹತ್ತಿದರು. ಮೇಲೆ ಕಾಯ್ತಿದ್ದದ್ದು ಉತ್ತರದ ಮೇನ್ ರಾಜ್ಯದ 20ನೇ ರೆಜಿಮೆಂಟ್. ಅದರ ನಾಯಕ ಜೋಶುವಾ ಚೇಂಬರ್ಲಿನ್ ಒಬ್ಬ ಕಾಲೇಜು ಮೇಷ್ಟ್ರು! ಗುಂಡು ಮುಗೀತಾ ಬಂದಾಗ ಅವನ ಹುಡುಗರು ಬಂದೂಕಿನ ತುದಿಗೆ ಬಯೊನೆಟ್ ಸಿಕ್ಕಿಸಿಕೊಂಡು ಇಳಿಜಾರಲ್ಲಿ ನುಗ್ಗಿದರು. ಗುಡ್ಡ ಉತ್ತರದವರ ಕೈಯಲ್ಲೇ ಉಳೀತು.

📌 ಭಾಗ 4/7: ಬರೀ ತಲೆ ಆಡಿಸಿದ

ಜುಲೈ 3. ಲೀಯ ಹೊಸ ಯೋಜನೆ: ಶತ್ರುವಿನ ಸಾಲಿನ ನಟ್ಟನಡುವಿಗೆ ನೇರ ದಾಳಿ. ಸುಮಾರು 12,500 ಜನ, ಒಂದು ಕಿಲೋಮೀಟರಿಗೂ ಹೆಚ್ಚು ದೂರದ ಬಟ್ಟಬಯಲು, ಕೊನೆಗೊಂದು ಕಲ್ಲಿನ ಗೋಡೆ.

ಎರಡನೇ ಭಾಗ ನೆನಪಾಯ್ತಾ? ಅದೇ ಫ್ರೆಡರಿಕ್ಸ್‌ಬರ್ಗ್, ಈ ಸಲ ತಿರುಗುಮುರುಗು. ಗೋಡೆ ಹಿಂದೆ ಇದ್ದವರು ಈಗ ಬಯಲಲ್ಲಿ. ಲಾಂಗ್‌ಸ್ಟ್ರೀಟ್ ಬೇಡ ಅಂದ. ಲೀ ಕೇಳಲಿಲ್ಲ, ದಾಳಿಯ ಉಸ್ತುವಾರಿಯನ್ನೂ ಅವನಿಗೇ ವಹಿಸಿದ.

ಮಧ್ಯಾಹ್ನ ಒಂದರ ಹೊತ್ತಿಗೆ ಫಿರಂಗಿಗಳು ಮೊಳಗಿದವು. ಬಹಳಷ್ಟು ಗುಂಡು ಗುರಿ ದಾಟಿ ಆಚೆ ಬಿದ್ದವು. ಮುಂದೆ ಹೋಗಲಾ ಅಂತ ಜನರಲ್ ಪಿಕೆಟ್ ಬಂದು ಕೇಳಿದಾಗ ಲಾಂಗ್‌ಸ್ಟ್ರೀಟ್‌ಗೆ ಮಾತು ಹೊರಡಲಿಲ್ಲ. ಬರೀ ತಲೆ ಆಡಿಸಿದ. ಅಷ್ಟೇ ಆಜ್ಞೆ.

ಒಂದು ಗಂಟೆಯೊಳಗೆ ಎಲ್ಲಾ ಮುಗೀತು. ಹೋದವರಲ್ಲಿ ಅರ್ಧದಷ್ಟು ಜನ ಸತ್ತರು, ಗಾಯಗೊಂಡರು ಇಲ್ಲಾ ಸೆರೆಸಿಕ್ಕರು. ಗೋಡೆಯ ಹಿಂದಿದ್ದ ಉತ್ತರದ ಸೈನಿಕರು ‘ಫ್ರೆಡರಿಕ್ಸ್‌ಬರ್ಗ್! ಫ್ರೆಡರಿಕ್ಸ್‌ಬರ್ಗ್!’ ಅಂತ ಕೂಗಿದರು. ಸೇನಾಪತಿಗಳು ಮರೆತ ಪಾಠ ಸೈನಿಕರಿಗೆ ನೆನಪಿತ್ತು.

ಮೂರು ದಿನಕ್ಕೆ ಎರಡೂ ಕಡೆ ಸೇರಿ ಸುಮಾರು 51 ಸಾವಿರ ಸಾವುನೋವು.

ಈಗ ಮುಖ್ಯ ವಿಷಯ 👇 ಹಿಂದಿರುಗಿ ಬರ್ತಿದ್ದ ಸೈನಿಕರಿಗೆ ಲೀ ತಾನೇ ಹೇಳಿದ, ತಪ್ಪು ನನ್ನದು ಅಂತ. ಆಗಸ್ಟ್‌ನಲ್ಲಿ ರಾಜೀನಾಮೆ ಕೊಡೋಕೂ ಮುಂದಾದ. ಲಾಂಗ್‌ಸ್ಟ್ರೀಟ್ ಮೇಲೆ ಅವನು ಹೊಣೆ ಹೊರಿಸಲಿಲ್ಲ. ಕೊನೇ ದಿನದವರೆಗೂ ಜೊತೆಯಲ್ಲೇ ಇಟ್ಟುಕೊಂಡಿದ್ದ. 1864ರ ಮೇ 6ರಂದು ವಿಲ್ಡರ್‌ನೆಸ್ ಕಾಡಿನ ಕದನದಲ್ಲಿ ಲಾಂಗ್‌ಸ್ಟ್ರೀಟ್‌ಗೆ ತನ್ನ ಕಡೆಯವರದ್ದೇ ಗುಂಡು ಗಂಟಲಿಗೆ ಬಿತ್ತು. ಬಲಗೈ ಬಹುಕಾಲ ಸ್ವಾಧೀನ ತಪ್ಪಿತು, ದನಿ ಕೊನೆವರೆಗೂ ಸರಿಹೋಗಲಿಲ್ಲ. ಆದರೂ ಅಕ್ಟೋಬರ್‌ನಲ್ಲಿ ಮತ್ತೆ ಕೆಲಸಕ್ಕೆ ಬಂದ. 1865ರ ಏಪ್ರಿಲ್ 9ರಂದು ಅಪೊಮಾಟಕ್ಸ್‌ನಲ್ಲಿ ಲೀ ಗ್ರಾಂಟ್‌ಗೆ ಶರಣಾದಾಗಲೂ ಸೈನ್ಯದ ಜೊತೆಗಿದ್ದ.

📌 ಭಾಗ 5/7: ನಿಜವಾದ ‘ಅಪರಾಧ’

ಯುದ್ಧ ಮುಗಿದ ಮೇಲೆ ಲಾಂಗ್‌ಸ್ಟ್ರೀಟ್ ನ್ಯೂ ಆರ್ಲಿಯನ್ಸ್‌ಗೆ ಹೋಗಿ ಹತ್ತಿ ವ್ಯಾಪಾರಕ್ಕಿಳಿದ. (ನಮ್ಮ ಕಡೆಗೂ ಒಂದು ಎಳೆ ಇದೆ: ಯುದ್ಧದಲ್ಲಿ ಅಮೆರಿಕದ ಹತ್ತಿ ನಿಂತುಹೋದಾಗ ಇಂಗ್ಲೆಂಡಿನ ಗಿರಣಿಗಳು ಭಾರತದ ಕಡೆ ತಿರುಗಿದವು, ಧಾರವಾಡ ಸೀಮೆಯ ಹತ್ತಿಗೂ ಬೆಲೆ ಏರಿತು. ಅಲ್ಲಿ ಬೆಳೀತಿದ್ದ ‘ಧಾರವಾಡ ಅಮೆರಿಕನ್’ ತಳಿ ಬಂದದ್ದೇ ನ್ಯೂ ಆರ್ಲಿಯನ್ಸ್ ಬೀಜದಿಂದ.)

1867ರಲ್ಲಿ ಅಮೆರಿಕದ ಸಂಸತ್ತು ದಕ್ಷಿಣದ ಕಪ್ಪು ಗಂಡಸರಿಗೂ ವೋಟು ಕೊಡೋ ಕಾನೂನು ತಂತು. ಲಾಂಗ್‌ಸ್ಟ್ರೀಟ್ ಪತ್ರಿಕೆಗೆ ಪತ್ರ ಬರೆದ: ನಾವು ಸೋತಿದ್ದೇವೆ, ಕಾನೂನು ಒಪ್ಪಿಕೊಂಡು ನಡೆಯೋಣ. ಆಮೇಲೆ ಲಿಂಕನ್ ಪಕ್ಷಕ್ಕೇ ಸೇರಿದ. 1869ರಲ್ಲಿ ಅಧ್ಯಕ್ಷನಾದ ಹಳೇ ಗೆಳೆಯ ಗ್ರಾಂಟ್ ಇವನಿಗೆ ಬಂದರಿನ ಸುಂಕದ ಇಲಾಖೆಯಲ್ಲಿ ಹುದ್ದೆ ಕೊಟ್ಟ. ಕೊಲೆ ಬೆದರಿಕೆ ಬಂದವು, ಹಳೇ ಸ್ನೇಹಿತರು ಮುಖ ತಿರುಗಿಸಿದರು.

ಇವನನ್ನು ಸಂತ ಮಾಡಬೇಡಿ. ಬಿಳಿಯರ ಕೈಯಿಂದ ಅಧಿಕಾರ ಪೂರ್ತಿ ಜಾರಬಾರದು ಅನ್ನೋ ಲೆಕ್ಕಾಚಾರವೂ ಆ ಪತ್ರಗಳಲ್ಲಿತ್ತು. ಆದರೆ ಮುಂದೆ ಅವನು ನಿಂತ ಜಾಗ ನೋಡಿ.

1870ರಲ್ಲಿ ಲೀ ತೀರಿಕೊಂಡ. 1872ರ ಜನವರಿ 19, ಲೀಯ ಹುಟ್ಟುಹಬ್ಬ. ಅವತ್ತು ಭಾಷಣಕ್ಕೆ ನಿಂತವನು ನಮ್ಮ ಜ್ಯುಬಲ್ ಅರ್ಲಿ. ಗೆಟ್ಟಿಸ್‌ಬರ್ಗ್ ಸೋತದ್ದು ಲಾಂಗ್‌ಸ್ಟ್ರೀಟ್ ತಡಮಾಡಿದ್ದಕ್ಕೆ ಅಂದ. ಮರುವರ್ಷ ಪಾದ್ರಿಯೂ ಆಗಿದ್ದ ಪೆಂಡಲ್‌ಟನ್ ಇನ್ನೂ ಮುಂದೆ ಹೋಗಿ, ಜುಲೈ 2ರ ಸೂರ್ಯೋದಯಕ್ಕೇ ದಾಳಿ ಮಾಡು ಅಂತ ಲೀ ಆಜ್ಞೆ ಕೊಟ್ಟಿದ್ದ ಅಂತ ಹೇಳಿದ. ಲೀಯ ಆಪ್ತ ಅಧಿಕಾರಿಗಳನ್ನೇ ಲಾಂಗ್‌ಸ್ಟ್ರೀಟ್ ಪತ್ರ ಬರೆದು ಕೇಳಿದ. ಅಂಥ ಆಜ್ಞೆ ನಮಗೆ ಗೊತ್ತಿಲ್ಲ ಅಂದರು.

ಜುಲೈ 1ರಂದು ಗುಡ್ಡ ಹಿಡಿಯದೆ ಬಿಟ್ಟವರ ಜೊತೆ ಇದ್ದವನು ಅರ್ಲಿ. 1865ರಲ್ಲಿ ಲೀಯೇ ಅವನನ್ನು ದಳದ ನಾಯಕತ್ವದಿಂದ ಇಳಿಸಿದ್ದ. ಬೆರಳು ಬೇರೆ ಕಡೆ ತೋರಿಸೋಕೆ ಅವನಿಗೆ ಕಾರಣ ಇತ್ತು.

📌 ಭಾಗ 6/7: ಕೊನೆಯ ಕದನ

1874ರ ಸೆಪ್ಟೆಂಬರ್ 14, ನ್ಯೂ ಆರ್ಲಿಯನ್ಸ್. ಚುನಾಯಿತ ಸರ್ಕಾರವನ್ನು ಬೀಳಿಸೋಕೆ ‘ವೈಟ್ ಲೀಗ್’ ಅನ್ನೋ ಬಿಳಿಯರ ಸಶಸ್ತ್ರ ಗುಂಪು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿಯಿತು. ಅದರಲ್ಲಿ ಬಹಳ ಜನ ದಕ್ಷಿಣದ ಮಾಜಿ ಸೈನಿಕರು. ಎದುರಿಗೆ ನಿಂತದ್ದು ನಗರದ ಪೊಲೀಸರು ಮತ್ತು ಕಪ್ಪು ಸೈನಿಕರಿದ್ದ ರಾಜ್ಯದ ಮಿಲಿಷಿಯಾ. ಅವರ ನಾಯಕ ಲಾಂಗ್‌ಸ್ಟ್ರೀಟ್.

ಹತ್ತು ವರ್ಷದ ಹಿಂದೆ ಇವನ ಆಜ್ಞೆಗೆ ಪ್ರಾಣ ಕೊಡೋಕೆ ಸಿದ್ಧವಿದ್ದಂಥ ಜನ ಈಗ ಇವನತ್ತ ಬಂದೂಕು ಹಿಡಿದಿದ್ದರು. ಗುಂಡಿನ ಏಟು ತಿಂದು ಇವನು ಸೆರೆಯಾದ. ಗ್ರಾಂಟ್ ಕೇಂದ್ರದ ಸೈನ್ಯ ಕಳಿಸಿದ ಮೇಲೆ ಲೀಗ್ ಹಿಂದೆ ಸರಿಯಿತು. ಆದರೆ 1877ರಲ್ಲಿ ಆ ಸೈನ್ಯಕ್ಕೆ ಬ್ಯಾರಕ್‌ಗೆ ಮರಳೋ ಆಜ್ಞೆ ಬಂತು, ಕಪ್ಪು ಜನರ ಬೆನ್ನಿಗೆ ಯಾರೂ ಉಳಿಯಲಿಲ್ಲ.

ಒಂದು ಲೆಕ್ಕ ನೋಡಿ. ಆ ಲೂಸಿಯಾನ ರಾಜ್ಯದಲ್ಲಿ 1896ರಲ್ಲಿ ನೋಂದಾಯಿತ ಕಪ್ಪು ಮತದಾರರು 1.3 ಲಕ್ಷಕ್ಕೂ ಹೆಚ್ಚು. ಹೊಸ ಕಾನೂನುಗಳು ಬಂದ ಮೇಲೆ, 1904ರಲ್ಲಿ, ಸುಮಾರು 1,300. ಲಾಂಗ್‌ಸ್ಟ್ರೀಟ್ ತೀರಿಕೊಂಡದ್ದು ಅದೇ 1904ರ ಜನವರಿ 2ರಂದು.

📌 ಭಾಗ 7/7: ಕಲ್ಲು, ಕಂಚು ಮತ್ತು ದಿನಾಂಕ

ಲೀಗೆ ರಿಚ್‌ಮಂಡ್‌ನಲ್ಲಿ 1890ರಲ್ಲೇ ಭಾರೀ ಪ್ರತಿಮೆ ಎದ್ದಿತು. ವೈಟ್ ಲೀಗ್‌ನವರಿಗೂ 1891ರಲ್ಲಿ ಸ್ಮಾರಕ ಸ್ತಂಭ ಸಿಕ್ಕಿತು! ಗೆಟ್ಟಿಸ್‌ಬರ್ಗ್ ಮೈದಾನದಲ್ಲಿ ಲಾಂಗ್‌ಸ್ಟ್ರೀಟ್‌ನ ಪ್ರತಿಮೆ ಬಂದದ್ದು 1998ರಲ್ಲಿ. ಎತ್ತರದ ಪೀಠ ಇಲ್ಲ. ಮರಗಳ ನಡುವೆ, ನೆಲದ ಮೇಲೇ ಕುದುರೆ. ಆ ಸ್ತಂಭವನ್ನು 2017ರಲ್ಲಿ, ರಿಚ್‌ಮಂಡ್‌ನ ಲೀ ಪ್ರತಿಮೆಯನ್ನು 2021ರಲ್ಲಿ ತೆಗೆದರು.

ಸೋತ ಸೈನ್ಯಕ್ಕೆ ಒಂದು ಕಥೆ ಬೇಕಿತ್ತು. ‘ನಮ್ಮ ಉದ್ದೇಶ ತಪ್ಪಿರಲಿಲ್ಲ, ನಮ್ಮ ಲೀ ತಪ್ಪು ಮಾಡಲಿಲ್ಲ, ಒಬ್ಬ ಕೈಕೊಟ್ಟ.’ ಆ ಒಬ್ಬನನ್ನು ಹುಡುಕಿದಾಗ ಸಿಕ್ಕವನು ಕಪ್ಪು ಜನರ ವೋಟಿನ ಪರ ನಿಂತಿದ್ದವನು. ಈ ಕಥೆ ನಂಬಿಬಿಟ್ಟರೆ ಗುಲಾಮಗಿರಿ ಅನ್ನೋ ಪದವನ್ನೇ ಎತ್ತದೆ ಯುದ್ಧದ ಬಗ್ಗೆ ಮಾತಾಡಬಹುದು. ಎಷ್ಟೋ ಪಠ್ಯಪುಸ್ತಕಗಳು ದಶಕಗಟ್ಟಲೆ ಹಾಗೇ ಮಾತಾಡಿದವು.

ನಿಮಗೊಂದು ಸಣ್ಣ ಉಪಾಯ. ‘ಇವನೊಬ್ಬನಿಂದ ಸೋತ್ವಿ’ ಅನ್ನೋ ಮಾತು ಯಾವ ಯುದ್ಧದ ಬಗ್ಗೆ ಕಂಡರೂ ಎರಡು ದಿನಾಂಕ ಬರೆದಿಟ್ಕೊಳ್ಳಿ: ಘಟನೆ ಯಾವಾಗ, ಆರೋಪ ಯಾವಾಗ. ಲಾಂಗ್‌ಸ್ಟ್ರೀಟ್ ವಿಷಯದಲ್ಲಿ 1863 ಮತ್ತು 1872. ಮಧ್ಯದಲ್ಲಿದ್ದದ್ದು 1867ರ ಆ ಪತ್ರ.

ನೀವು ಓದಿದ ಇತಿಹಾಸದಲ್ಲಿ ಹೀಗೆ ಸೋಲಿನ ಹೊಣೆ ಹೊತ್ತವರು ಯಾರಿದ್ದಾರೆ? ಎರಡೂ ದಿನಾಂಕ ಸಮೇತ ಕಾಮೆಂಟ್‌ನಲ್ಲಿ ಬರೀರಿ. ಪರೀಕ್ಷೆಗೆ ಓದ್ತಿರೋ ಗೆಳೆಯರಿಗೂ ಕಳಿಸಿ 🙏

#ಇತಿಹಾಸ #ಅಮೆರಿಕದಅಂತರ್ಯುದ್ಧ #ಗೆಟ್ಟಿಸ್‌ಬರ್ಗ್ #ಲಾಂಗ್‌ಸ್ಟ್ರೀಟ್ #ಕನ್ನಡದಲ್ಲಿಇತಿಹಾಸ