ಇಗರ್ಜಿ ಮತ್ತು ಪಳ್ಳಿ

ಕಾಸರಗೋಡಿನ ಕ್ರೈಸ್ತರೆಲ್ಲ ಒಂದೇ ದಾರಿಯಿಂದ ಬಂದವರಲ್ಲ. ಬಡಗಿನಿಂದ ಬಂದವರು ಕೊಂಕಣಿ ಮಾತಿನ ಕೆಥೋಲಿಕರು. ಅವರ ದೇವಾಲಯ ನಮ್ಮ ಬಾಯಲ್ಲಿ ಇಗರ್ಜಿ. ತೆಂಕಿನ ತಿರುವಿತಾಂಕೂರಿನಿಂದ ಬಂದವರು ಸುರಿಯಾನಿ ಕ್ರೈಸ್ತರು, ಅವರದು ಪಳ್ಳಿ. ಈ ಎರಡು ವಲಸೆಗಳನ್ನು ಧರ್ಮಸಭೆ ಬರಮಾಡಿಕೊಂಡ ರೀತಿ ಗಡಿನಾಡಿನ ನಮಗೆ ತಿಳಿದಿರಬೇಕಾದ ಚರಿತ್ರೆ.

ಗೋವೆಯಲ್ಲಿ 1560ರಲ್ಲಿ ಇನ್‌ಕ್ವಿಸಿಷನ್ ನೆಲೆಯೂರಿತು. ಅದರ ಭಯ, ಬರಗಾಲ, 1683ರ ಮರಾಠರ ದಾಳಿ, ಹೀಗೆ ಒಂದೊಂದು ಕಾಲದಲ್ಲಿ ಒಂದೊಂದು ಕಾರಣದಿಂದ ಜನ ತೆಂಕಕ್ಕೆ ಇಳಿದರು. 1784ರಲ್ಲಿ ಟಿಪ್ಪು ಇವರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದನು. ಬದುಕಿ ಉಳಿದವರು 1799ರ ಬಳಿಕ ಮರಳಿದರು. ಬೇಳದ ಇಗರ್ಜಿ 1890ರಲ್ಲಿ ಸ್ಥಾಪನೆಯಾಯಿತು. ಬಲಿಪೂಜೆ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿದ್ದಾಗಲೂ ಮನೆಯ ಪ್ರಾರ್ಥನೆ ಕೊಂಕಣಿಯದೇ ಆಗಿತ್ತು. ಆದರೆ ಆ ಕೊಂಕಣಿಯನ್ನು ಇಲ್ಲಿ ಬರೆದದ್ದು ಕನ್ನಡ ಲಿಪಿಯಲ್ಲಿ. 1938ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ‘ರಾಕ್ಣೊ’ ವಾರಪತ್ರಿಕೆಯ ಲಿಪಿಯೂ ಕನ್ನಡವೇ.

ಎರಡನೆಯ ವಲಸೆ ನಮ್ಮ ಹಿರಿಯರು ಕಣ್ಣಾರೆ ಕಂಡದ್ದು. ತಿರುವಿತಾಂಕೂರಿನಲ್ಲಿ ಭೂಮಿ ಸಾಲದಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅನ್ನಕ್ಕೂ ತತ್ವಾರವಾಯಿತು. 1943ರಲ್ಲಿ ಕೋಟ್ಟಯಂ ಧರ್ಮಪ್ರಾಂತದ ಮುಂದಾಳುತನದಲ್ಲಿ ಕ್ನಾನಾಯ ಕುಟುಂಬಗಳು ರಾಜಪುರಕ್ಕೆ ಬಂದು ನೆಲೆಸಿದವು. ಮಲೇರಿಯಾ, ಕಾಡುಮೃಗಗಳ ನಡುವೆ ಬೇಸಾಯ ಆರಂಭವಾಯಿತು. ಈ ಸೀಮೆ ಲ್ಯಾಟಿನ್ ಬಿಷಪರ ಆಡಳಿತದಲ್ಲಿತ್ತು. ಬಂದವರ ಆಚರಣೆ ಸುರಿಯಾನಿ. ಮಲಬಾರಿನ ವಲಸಿಗರಿಗಾಗಿ 1953ರಲ್ಲಿ ತಲಶ್ಶೇರಿ ಧರ್ಮಪ್ರಾಂತ ಸ್ಥಾಪನೆಯಾದಾಗ ಅವರ ಆಚರಣೆಗೆ ಅವರದೇ ಬಿಷಪರು ದೊರೆತರು. ಮಾರ್ ಸೆಬಾಸ್ಟಿಯನ್ ವಳ್ಳೋಪ್ಪಿಳ್ಳಿ ಅದರ ಮೊದಲ ಬಿಷಪರು. 1962ರಲ್ಲಿ ಸುರಿಯಾನಿ ಪೂಜೆ ಮಲಯಾಳಕ್ಕೆ ಬಂತು.

ನೆಲ ಮತ್ತು ನುಡಿ, ವಲಸಿಗನಿಗೆ ಮೊದಲು ಬೇಕಾದದ್ದು ಇವೆರಡು. ಧರ್ಮಸಭೆ ಇದನ್ನು ಅರಿತಿತ್ತು. ಆದರೆ ನೆಲ ಬರಿದಾಗಿರಲಿಲ್ಲ. ಅದೇ ಗುಡ್ಡಗಳಲ್ಲಿ ತುಳು ಮಾತಿನ ಮಾವಿಲರು ಮೊದಲೇ ಇದ್ದರು. ಬಂದವರಿಗೆ ಆಸರೆಯಾಗುವಾಗ ಇದ್ದವರನ್ನು ಮರೆಯಬಾರದೆಂಬ ಪಾಠವೂ ಇಲ್ಲಿದೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಮನೆ ಬಿಟ್ಟು ಕದಲದ ಕನ್ನಡಿಗರು ಆ ದಿನ ಅಲ್ಪಸಂಖ್ಯಾತರಾದೆವು. ಪ್ರಾರ್ಥನೆಯ ಮಾತನ್ನು ಬಿಡದೆ ನೆರೆಯವರ ಅಕ್ಷರವನ್ನು ಕಲಿತ ಬೇಳದ ಕುಟುಂಬಗಳ ಬಾಳು ನಮಗೆ ಅಂದಿನಿಂದ ಅನ್ಯರ ಕಥೆಯಾಗಿ ಉಳಿದಿಲ್ಲ.