ಸೆಕೆಂಡಿಗೆ 48 ಚಿತ್ರಗಳು

ಚಲನಚಿತ್ರ ನಿಜವಾಗಿ ಚಲಿಸುವುದಿಲ್ಲ. ನಿಂತ ಚಿತ್ರಗಳು ಒಂದರ ಹಿಂದೊಂದು ಬೇಗ ಬೇಗ ಬಂದು ಹೋಗುವುದರಿಂದ ನಮ್ಮ ಕಣ್ಣಿಗೆ ಹಾಗೆ ತೋರುತ್ತದೆ, ಅಷ್ಟೆ. ಮೂಕಿಚಿತ್ರಗಳ ಕಾಲದಲ್ಲಿ ಈ ವೇಗಕ್ಕೆ ಗೊತ್ತಾದ ಲೆಕ್ಕವಿರಲಿಲ್ಲ. ಕ್ಯಾಮರಾದ ಹಿಡಿಕೆಯನ್ನು ಕೈಯಿಂದಲೇ ತಿರುಗಿಸುತ್ತಿದ್ದರು. 1920ರ ದಶಕದ ಕೊನೆಗೆ ಮಾತು ಬಂದಿತು. ಫಿಲ್ಮಿನ ಅಂಚಿನಲ್ಲಿ ಮುದ್ರಿತವಾದ ಧ್ವನಿ, ವೇಗ ಹೆಚ್ಚಿದರೆ ಕೀರಲಾಗುತ್ತದೆ, ತಗ್ಗಿದರೆ ಗೊಗ್ಗರಾಗುತ್ತದೆ. ಆದ್ದರಿಂದ ಸೆಕೆಂಡಿಗೆ 24 ಎಂದು ನಿಗದಿಯಾಯಿತು. ವಿದ್ಯಾರ್ಥಿಗಳು ಗಮನಿಸಬೇಕು: ವೇಗ ಸ್ಥಿರವಾಗಬೇಕೆಂದು ಕೇಳಿದ್ದು ಕಿವಿ, ಕಣ್ಣಲ್ಲ.

ಈ ಲೆಕ್ಕವನ್ನು ಮೀರಿದವರೂ ಇದ್ದರು. 1955ರ ‘ಒಕ್ಲಹೋಮ!’ ಚಿತ್ರದ ಒಂದು ಆವೃತ್ತಿಯ ವೇಗ 30. ಆದರೆ ದೊಡ್ಡ ಪ್ರಯೋಗ ನಡೆದದ್ದು 2012ರ ಡಿಸೆಂಬರಿನಲ್ಲಿ. ಟೋಲ್ಕಿನ್ 1937ರಲ್ಲಿ ಪ್ರಕಟಿಸಿದ ‘ದಿ ಹಾಬಿಟ್’ ಕಾದಂಬರಿಯನ್ನು ನ್ಯೂಜಿಲೆಂಡಿನ ಪೀಟರ್ ಜಾಕ್ಸನ್ 48ರ ವೇಗದಲ್ಲಿ ಚಿತ್ರಿಸಿದರು. ಡಿಜಿಟಲ್ ಕ್ಯಾಮರಾ ಆದ್ದರಿಂದ ಫಿಲ್ಮಿನ ಖರ್ಚಿನ ಚಿಂತೆಯಿರಲಿಲ್ಲ.

ನೋಡಿದವರಲ್ಲಿ ಎರಡು ಪಂಗಡವಾಯಿತು. ಓಟ, ಕಾಳಗಗಳು ಮಸುಕಿಲ್ಲದೆ ಸ್ಪಷ್ಟವಾಗಿವೆ, ಮೂರು ಆಯಾಮದ ಚಿತ್ರ ಕಣ್ಣಿಗೆ ಹಿತವಾಗಿದೆ ಎಂದರು ಕೆಲವರು. ಹಲವರಿಗೆ ಮಾತ್ರ ಬಣ್ಣದ ಕೋಣೆಯಲ್ಲಿ ನಿಂತು ನಾಟಕ ನೋಡಿದಂತಾಯಿತು: ಕುಳ್ಳರ ಗಡ್ಡ ಅಂಟಿಸಿದ್ದು, ಗುಹೆ ಕಟ್ಟಿಸಿದ್ದು! ಟಿ.ವಿ. ಧಾರಾವಾಹಿಯಂತಿದೆ ಎಂದೂ ದೂರಿದರು. ಈ ದೂರಿನಲ್ಲಿ ಹುರುಳಿದೆ. ಸ್ಟುಡಿಯೋದ ವಿಡಿಯೋ ಕ್ಯಾಮರಾ ಚಲನೆಯನ್ನು ಸೆಕೆಂಡಿಗೆ ನಮ್ಮಲ್ಲಿ 50 ಸಲ, ಅಮೆರಿಕದಲ್ಲಿ ಸುಮಾರು 60 ಸಲ ಹಿಡಿಯುತ್ತಿತ್ತು. ಆ ನುಣುಪನ್ನು ನಾವು ವಾರ್ತೆ, ಕ್ರಿಕೆಟ್‌ಗಳಲ್ಲಿ, ಅಂದರೆ ನಿಜವಾಗಿ ನಡೆಯುವ ಸಂಗತಿಗಳಲ್ಲಿ ಕಂಡು ಬೆಳೆದವರು. 24ರ ಮಸುಕು ನಮಗೆ ಕಥೆಯ ಗುರುತು. ಡ್ರ್ಯಾಗನ್ ಇರುವ ಲೋಕಕ್ಕೆ ಆ ಮಸುಕೇ ಬೇಕಿತ್ತೇನೋ.

ಜಾಕ್ಸನ್ ಹಿಂದೆಗೆಯಲಿಲ್ಲ, 2013, 2014ರ ಭಾಗಗಳೂ 48ರಲ್ಲೇ ಬಂದವು. 2022ರ ಎರಡನೆಯ ‘ಅವತಾರ್’ನಲ್ಲಿ ಜೇಮ್ಸ್ ಕ್ಯಾಮರೂನ್ ಆಯ್ದ ದೃಶ್ಯಗಳಿಗಷ್ಟೇ ಆ ವೇಗ ಕೊಟ್ಟು, ಉಳಿದವನ್ನು 24ರಂತೆಯೇ ಕಾಣಿಸಿದರು.